ಮೊದಲು ಹೊಳೆ, ಆಮೇಲೆ ಊರು: ಕಥೆಗಾಗಿ ಒಂದು ರಾಜಧಾನಿ ಕಟ್ಟುವ ಲೆಕ್ಕ

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಭೂಪಟದಲ್ಲಿ ಇಲ್ಲದ ಒಂದು ರಾಜ್ಯದ ರಾಜಧಾನಿ. ಹೊಳೆಯ ದಂಡೆಯ ಮೇಲಿರುವ, ಹನ್ನೆರಡು ಲಕ್ಷ ಜನ ವಾಸಿಸುವ, ಬರೆಯುವವರೇ ಹುಟ್ಟಿಸಬೇಕಾದ ಊರು. ಕಾದಂಬರಿ, ನಾಟಕ, ವೆಬ್ ಸರಣಿ ಬರೆಯುವವರು ಇಂಥ ಊರನ್ನು ಬಯಸುವುದಕ್ಕೆ ಕಾರಣವಿದೆ. ನಿಜವಾದ ರಾಜಧಾನಿಯನ್ನು ಇಟ್ಟುಕೊಂಡ ಕೂಡಲೇ ಓದುಗರು ಕಥೆಯ ಮುಖ್ಯಮಂತ್ರಿಯನ್ನು ನಿಜದ ಮುಖ್ಯಮಂತ್ರಿಯ ಜೊತೆ ತಾಳೆ ಹಾಕತೊಡಗುತ್ತಾರೆ. ಕಥೆ ಅಲ್ಲೇ ಸೊರಗುತ್ತದೆ.

ಇಂಥ ಊರುಗಳು ಹೆಚ್ಚಾಗಿ ಹಿಂದುಮುಂದಾಗಿ ಹುಟ್ಟುತ್ತವೆ. ಮೊದಲು ಒಂದು ಚಂದದ ಹೆಸರು, ಆಮೇಲೆ ಗುಮ್ಮಟದ ವಿಧಾನಸಭೆ, ಕೋಟೆ, ಪೇಟೆ, ರೈಲು ನಿಲ್ದಾಣ. ಎಲ್ಲ ಮುಗಿದ ಮೇಲೆ ನಡುವೆ ಒಂದು ನೀಲಿ ಗೆರೆ ಎಳೆದು ಅದಕ್ಕೆ ನದಿ ಎಂದು ಹೆಸರಿಡುವುದು. ಹತ್ತನೇ ಅಧ್ಯಾಯದಲ್ಲಿ ಪ್ರವಾಹ ಬಂದಾಗ ಯಾವ ಬೀದಿ ಮುಳುಗಬೇಕೆಂದು ಬರೆದವರಿಗೇ ತಿಳಿಯುವುದಿಲ್ಲ. ನಾಯಕ ಸೇತುವೆ ದಾಟಿ ಕಚೇರಿಗೆ ಹೋಗುತ್ತಾನೆ, ಮುಂದಿನ ಅಧ್ಯಾಯದಲ್ಲಿ ಅದೇ ಕಚೇರಿಗೆ ಸೇತುವೆ ದಾಟದೆ ಹೋಗುತ್ತಾನೆ. ಹಾಗಾಗಿ ನದಿಯನ್ನು ಮೊದಲು ಬರೆಯಿರಿ, ಅಂಕಿಗಳ ಸಮೇತ ಬರೆಯಿರಿ. ಊರಿನ ಮುಕ್ಕಾಲು ಪಾಲು ತೀರ್ಮಾನಗಳನ್ನು ಅದೇ ಮಾಡಿಕೊಡುತ್ತದೆ.

ನದಿ ಎಲ್ಲಿ ಹುಟ್ಟುತ್ತದೆ ಎಂಬುದು ಮೊದಲ ಪ್ರಶ್ನೆ, ಯಾಕೆಂದರೆ ಊರಿನ ಪಂಚಾಂಗ ಅದರಿಂದ ನಿರ್ಧಾರವಾಗುತ್ತದೆ. ಘಟ್ಟದಲ್ಲಿ ಹುಟ್ಟಿ ಬಯಲಿಗೆ ಬರುವ ಹೊಳೆಯಾದರೆ ಜುಲೈ-ಆಗಸ್ಟ್‌ನಲ್ಲಿ ತುಂಬುತ್ತದೆ, ಆಗ ಊರಿನಲ್ಲಿ ಮಳೆಯೇ ಇಲ್ಲದಿರಬಹುದು. ತುಂಗಭದ್ರೆಯ ಕೆಳಭಾಗದವರಿಗೆ, ರಾಯಚೂರಿನ ಕೃಷ್ಣಾ ತೀರದವರಿಗೆ ಇದು ಗೊತ್ತು: ತಲೆಯ ಮೇಲೆ ಬಿಸಿಲು, ಹೊಳೆಯಲ್ಲಿ ಪ್ರವಾಹ. ಬಯಲುಸೀಮೆಯ ಬೆಟ್ಟದಲ್ಲೇ ಹುಟ್ಟಿದ ಹೊಳೆಯಾದರೆ ವರ್ಷದ ಬಹುಪಾಲು ಮರಳು, ಎಲ್ಲೋ ಸೆಪ್ಟೆಂಬರ್-ಅಕ್ಟೋಬರ್‌ನ ಒಂದು ವಾಯುಭಾರ ಕುಸಿತಕ್ಕೆ ಒಂದೇ ರಾತ್ರಿಯಲ್ಲಿ ಎದ್ದು ಬರುತ್ತದೆ. ಹೈದರಾಬಾದಿನ ಮೂಸಿ ಅನಂತಗಿರಿ ಬೆಟ್ಟದಲ್ಲಿ ಹುಟ್ಟುವ ಈ ಎರಡನೇ ಜಾತಿಯದು. ಎರಡರ ಗುಣ ಬೇರೆ, ಎರಡು ಊರುಗಳ ಜನರ ಭಯವೂ ಬೇರೆ. ಮೊದಲ ಊರಿನವರು ಮೇಲಿನ ಅಣೆಕಟ್ಟಿನ ಹೊರಹರಿವಿನ ಸುದ್ದಿ ಕೇಳುತ್ತಾರೆ, ಎರಡನೇ ಊರಿನವರು ಆಕಾಶ ನೋಡುತ್ತಾರೆ.

ಮುಂದಿನದು ಜಲಾನಯನ ಪ್ರದೇಶದ, ಅಂದರೆ ಹೊಳೆಗೆ ಮಳೆನೀರು ಹರಿದು ಬರುವ ನೆಲದ ಅಳತೆ. ನಮ್ಮ ಊರಿಗೆ 10,000 ಚದರ ಕಿ.ಮೀ. ಇಟ್ಟುಕೊಳ್ಳೋಣ. ಅಷ್ಟರ ಮೇಲೆಲ್ಲ 100 ಮಿ.ಮೀ. ಮಳೆ ಬಿದ್ದರೆ ಬೀಳುವ ನೀರು 100 ಕೋಟಿ ಘನ ಮೀಟರ್, ಅಂದರೆ ಸುಮಾರು 35 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ನೆಲ ಅರ್ಧ ಹೀರಿತು ಅನ್ನಿ, ಉಳಿದ ಹದಿನೇಳು-ಹದಿನೆಂಟು ಟಿಎಂಸಿ ಹೊಳೆಗೆ ಇಳಿಯುತ್ತದೆ. ಒಂದು ದಿನವಿಡೀ 11,574 ಕ್ಯೂಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ಹರಿದರೆ ಒಂದು ಟಿಎಂಸಿ. ಈ ಒಂದು ಸಂಖ್ಯೆಯನ್ನು ನೆನಪಿಟ್ಟರೆ ಸಾಕು. ಆ ನೀರೆಲ್ಲ ಎರಡು ದಿನದಲ್ಲಿ ಊರು ದಾಟಬೇಕಾದರೆ ಸರಾಸರಿ ಒಂದು ಲಕ್ಷ ಕ್ಯೂಸೆಕ್ ಹರಿಯುತ್ತದೆ. ಪ್ರವಾಹ ಏರಿ ಇಳಿಯುವಂಥದ್ದು, ಹಾಗಾಗಿ ತುದಿ ಮುಟ್ಟುವಾಗ ಎರಡು ಲಕ್ಷ ಇರುತ್ತದೆ ಎಂದಿಟ್ಟುಕೊಳ್ಳೋಣ. ಕಥೆಯ ಪತ್ರಿಕೆಯಲ್ಲಿ 'ನದಿಗೆ ಇಪ್ಪತ್ತು ಲಕ್ಷ ಕ್ಯೂಸೆಕ್' ಎಂದು ಬರೆಯುವ ಮೊದಲು ಈ ಲೆಕ್ಕ ಮಾಡಿ ನೋಡಿ.

ಹರಿವು ತಿಳಿದರೆ ಹೊಳೆಯ ಅಗಲವೂ ತಿಳಿಯುತ್ತದೆ. ಮೆಕ್ಕಲು ಮಣ್ಣಿನಲ್ಲಿ ಹರಿಯುವ ನದಿಗಳಿಗೆ ನೀರಾವರಿ ಎಂಜಿನಿಯರುಗಳು ಲೇಸಿ ಸೂತ್ರ ಬಳಸುತ್ತಾರೆ: ಸೆಕೆಂಡಿಗೆ ಹರಿಯುವ ಘನ ಮೀಟರಿನ ವರ್ಗಮೂಲವನ್ನು 4.83ರಿಂದ ಗುಣಿಸಿದರೆ ಹರಿವಿನ ಅಗಲ ಮೀಟರಿನಲ್ಲಿ ಸಿಗುತ್ತದೆ. ಎರಡು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 5,663 ಘನ ಮೀಟರ್, ಅದರ ವರ್ಗಮೂಲ ಸುಮಾರು 75, ಅಗಲ 363 ಮೀಟರ್. ನಮ್ಮ ದಖ್ಖನಿನ ಬಂಡೆಗಲ್ಲಿನ ಹೊಳೆಗಳು ಈ ಸೂತ್ರಕ್ಕೆ ಪೂರ್ತಿ ಒಗ್ಗುವುದಿಲ್ಲ, ಬಂಡೆ ಬಿಟ್ಟಷ್ಟೇ ಅಗಲ. ಆದರೂ ಕಥೆಯ ನಕ್ಷೆಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ.

ಈ 363 ಮೀಟರ್ ಎಷ್ಟು ಕೆಲಸಕ್ಕೆ ಬರುತ್ತದೆ ನೋಡಿ. ತುಂಬಿದ ಹೊಳೆಯನ್ನು ನಾಯಕ ಈಜಿ ದಾಟುವ ದೃಶ್ಯ ನಮ್ಮ ಕಥೆಗಳಿಗೆ ಪ್ರಿಯವಾದದ್ದು. ಸರಾಸರಿ ಆಳ 6 ಮೀಟರ್ ಇದ್ದರೆ ನೀರಿನ ವೇಗ ಸೆಕೆಂಡಿಗೆ 2.6 ಮೀಟರ್ ಆಗುತ್ತದೆ. ಒಳ್ಳೆಯ ಈಜುಗಾರ ಸೆಕೆಂಡಿಗೆ ಒಂದು ಮೀಟರ್ ಸಾಗಿದ ಎನ್ನೋಣ. ಆಚೆ ದಡ ಮುಟ್ಟಲು ಆರು ನಿಮಿಷ ಬೇಕು, ಅಷ್ಟರಲ್ಲಿ ನೀರು ಅವನನ್ನು 940 ಮೀಟರ್ ಕೆಳಕ್ಕೆ ಒಯ್ದಿರುತ್ತದೆ. ದೇವಸ್ಥಾನದ ಮೆಟ್ಟಿಲಿನಿಂದ ಧುಮುಕಿದವನು ಎದುರಿನ ಮೆಟ್ಟಿಲಿಗೆ ಏಳುವುದಿಲ್ಲ, ಸುಮಾರು ಒಂದು ಕಿ.ಮೀ. ಕೆಳಗಿನ ಮಸಣದ ಹತ್ತಿರ ಏಳುತ್ತಾನೆ. ಅಲ್ಲಿ ಅವನನ್ನು ಯಾರು ಕಂಡರು ಎಂಬುದರಿಂದಲೇ ಮುಂದಿನ ಅಧ್ಯಾಯ ಹುಟ್ಟಬಹುದು.

ಇನ್ನು ದಂಡೆ. ಎಡದಂಡೆ, ಬಲದಂಡೆ ಎನ್ನುವುದು ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಾಗಿನ ಲೆಕ್ಕ. ಎಡದಂಡೆ ನಾಲೆಯ ಕೆಳಗೆ ಗದ್ದೆ ಇರುವ ಯಾವ ರೈತರೂ ಇದರಲ್ಲಿ ತಪ್ಪುವುದಿಲ್ಲ, ಬರೆಯುವವರು ತಪ್ಪುತ್ತಾರೆ. ಹೊಳೆ ತಿರುಗುವ ಕಡೆ ತಿರುವಿನ ಹೊರ ಮಗ್ಗುಲಲ್ಲಿ ನೀರು ರಭಸ, ಆಳವೂ ಹೆಚ್ಚು, ದಂಡೆ ಕೊರೆಯುತ್ತದೆ. ಒಳ ಮಗ್ಗುಲಲ್ಲಿ ಮರಳು ಕೂಡುತ್ತದೆ. ಹಾಗಾದರೆ ಹಳೆಯ ಊರು ಎಲ್ಲಿರಬೇಕು? ಹೊರ ಮಗ್ಗುಲಲ್ಲೇ, ಆದರೆ ಅಲ್ಲಿ ಬಂಡೆಯೋ ಗಟ್ಟಿ ದಿಬ್ಬವೋ ಇರಬೇಕು. ಬೇಸಿಗೆಯಲ್ಲೂ ಮೆಟ್ಟಿಲಿನ ಬುಡದಲ್ಲಿ ನೀರು ಸಿಗುವುದು ಆ ಕಡೆಯೇ. ಕಾಶಿ ಹೀಗೆ ನಿಂತಿದೆ: ಗಂಗೆ ಉತ್ತರಕ್ಕೆ ತಿರುಗುವ ಕಡೆ, ಹೊರ ಮಗ್ಗುಲಿನ ಎತ್ತರದ ಗಟ್ಟಿ ದಂಡೆಯ ಮೇಲೆ ಘಾಟುಗಳು, ಎದುರಿಗೆ ಬರೀ ಮರಳು. ಉತ್ತರವಾಹಿನಿಯೆಂದು ನಾವು ಪುಣ್ಯಸ್ಥಳ ಮಾಡಿಕೊಂಡ ಜಾಗಗಳಿಗೆಲ್ಲ ಇಂಥ ಒಂದು ತಿರುವು ಇದ್ದೇ ಇರುತ್ತದೆ.

ದಂಡೆ ಗಟ್ಟಿಯಿಲ್ಲದಿದ್ದರೆ ನದಿಯೇ ಊರನ್ನು ಬಿಟ್ಟು ಸರಿಯುತ್ತದೆ. ಪಟನಾದಲ್ಲಿ ಗಂಗೆ ಹಳೆಯ ಘಾಟುಗಳಿಂದ ಉತ್ತರಕ್ಕೆ ಸರಿದು ನಡುವೆ ಮರಳ ಬಯಲು ಬಿಟ್ಟಿದೆ. ಅದೇ ಊರಿನ ಹಿಂದಿನ ರೂಪ ಪಾಟಲಿಪುತ್ರವನ್ನು ಗ್ರೀಕ್ ರಾಯಭಾರಿ ಮೆಗಾಸ್ತನೀಸ್ ವರ್ಣಿಸಿದ್ದು ನದಿಯುದ್ದಕ್ಕೆ ಚಾಚಿದ ಪಟ್ಟಿಯ ಹಾಗೆ: ಗ್ರೀಕರ ಅಳತೆಯಲ್ಲಿ ಉದ್ದ 80 ಸ್ಟೇಡಿಯ, ಅಗಲ 15. ಇಂದಿಗೂ ಪಟನಾ ಉದ್ದುದ್ದ. ದುಂಡಗಿನ ನದಿನಗರವನ್ನು ಬರೆಯುವ ಮುನ್ನ ಎರಡು ಸಲ ಯೋಚಿಸಿ. ನಮ್ಮ ಹನ್ನೆರಡು ಲಕ್ಷ ಜನಕ್ಕೆ ಹೆಕ್ಟೇರಿಗೆ 120ರಂತೆ 100 ಚದರ ಕಿ.ಮೀ. ಬೇಕು. ಅದನ್ನು ಹೊಳೆಯುದ್ದಕ್ಕೆ 14 ಕಿ.ಮೀ., ಅಡ್ಡಕ್ಕೆ 7 ಕಿ.ಮೀ. ಎಂದು ಹಾಸಿ.

ನಡುಗಡ್ಡೆಯ ಮೇಲೆ ರಾಜಧಾನಿ ಇಡುವ ಆಸೆಯೂ ಹುಟ್ಟುತ್ತದೆ. ಶ್ರೀರಂಗಪಟ್ಟಣ ಕಣ್ಣ ಮುಂದೆಯೇ ಇದೆ. ಕಾವೇರಿ ಅಲ್ಲಿ ಎರಡು ಕವಲಾಗಿ ಕೋಟೆಯನ್ನು ಕಾಯುತ್ತಿದ್ದಳು, ಆದರೆ ಮಳೆಗಾಲದಲ್ಲಿ ಮಾತ್ರ. 1799ರ ಮೇ 4ರಂದು ಬ್ರಿಟಿಷ್ ಸೇನೆ ಹೊಳೆಯನ್ನು ಕಾಲುನಡಿಗೆಯಲ್ಲಿ ದಾಟಿ ಕೋಟೆಗೆ ನುಗ್ಗಿತು. ಮುಂಗಾರು ಬಂದು ನೀರು ಏರುವ ಮುನ್ನ ಮುಗಿಸಬೇಕೆಂಬ ಅವಸರ ಮುತ್ತಿಗೆ ಹಾಕಿದವರಿಗಿತ್ತು. ನಡುಗಡ್ಡೆಯ ಕೋಟೆಗೆ ಏಪ್ರಿಲ್, ಮೇ ತಿಂಗಳುಗಳೇ ಬಾಗಿಲು.

ಸೇತುವೆಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಬಹಳ ಊರುಗಳಲ್ಲಿ ಹೊಳೆ ದಾಟುವ ಜಾಗವೇ ಊರಿಗೆ ಮೂಲ. ಮೊದಲು ಕಡವು, ಅಲ್ಲಿ ಹರಿಗೋಲು, ದಾಟಲು ಕಾಯುವವರಿಗೆ ಒಂದು ಛತ್ರ, ಛತ್ರದ ಸುತ್ತ ಅಂಗಡಿ. ಹೈದರಾಬಾದಿನಲ್ಲಿ ಮೂಸಿಯ ಪುರಾನಾಪುಲ್ ಕಟ್ಟಿದ್ದು 1578ರಲ್ಲಿ, ಚಾರ್‌ಮಿನಾರ್ 1591ರಲ್ಲಿ. ಅಂದರೆ ಸೇತುವೆ ಮೊದಲು, ರಾಜಧಾನಿ ಆಮೇಲೆ. ನಿಮ್ಮ ಊರಿನಲ್ಲೂ ಹಳೆಯ ಪೇಟೆಯ ಮುಖ್ಯ ಬೀದಿ ನೇರವಾಗಿ ಹೊಳೆಗೆ ಇಳಿಯಲಿ, ಇಳಿದ ಕಡೆ ಹಳೆಯ ಸೇತುವೆ ಇರಲಿ.

363 ಮೀಟರಿಗೆ 20 ಮೀಟರಿನ ಅಂಕಣಗಳಾದರೆ (ಎರಡು ಕಂಬಗಳ ನಡುವಿನ ಭಾಗ) ಹದಿನೆಂಟು. ಹಳೆಯ ಕಲ್ಲಿನ ಕಮಾನಿನ ಸೇತುವೆಯಾದರೆ ಕಮಾನು ಚಿಕ್ಕದು, ಹಾಗಾಗಿ ಕಂಬಗಳು ಹೆಚ್ಚು. ಕಂಬ ಹೆಚ್ಚಾದಷ್ಟೂ ಪ್ರವಾಹಕ್ಕೆ ಅಡ್ಡಿ ಹೆಚ್ಚು. ಸೇತುವೆಯ ಮೇಲ್ಭಾಗದಲ್ಲಿ, ಅಂದರೆ ಹೊಳೆ ಹರಿದು ಬರುವ ಕಡೆಯಲ್ಲಿ, ನೀರು ನಿಂತು ಏರುತ್ತದೆ, ತೇಲಿ ಬಂದ ಮರಗಳು ಕಮಾನಿಗೆ ಸಿಕ್ಕಿಕೊಂಡರೆ ಇನ್ನೂ ಏರುತ್ತದೆ. ಆದ್ದರಿಂದ ಹಳೆಯ ಸೇತುವೆಯ ಮೇಲ್ಭಾಗದ ಬೀದಿಗಳು ಕೆಳಭಾಗದವುಗಳಿಗಿಂತ ಮೊದಲು ಮುಳುಗುತ್ತವೆ. ಹೊಸ ಸೇತುವೆಯ ತಳ ಗರಿಷ್ಠ ಪ್ರವಾಹಮಟ್ಟಕ್ಕಿಂತ ಒಂದೂವರೆ ಮೀಟರ್ ಮೇಲಿರಬೇಕು.

ಸೇತುವೆ ಬೀಳುವುದು ಹೇಗೆ ಎಂಬುದನ್ನಂತೂ ಸರಿಯಾಗಿ ಬರೆಯಬೇಕು. ಸಿನಿಮಾದಲ್ಲಿ ನೀರು ಮೇಲಿನಿಂದ ಬಡಿದು ಸೇತುವೆಯನ್ನು ಒಡೆಯುತ್ತದೆ. ನಿಜದಲ್ಲಿ ಹೆಚ್ಚು ಸಲ ನಡೆಯುವುದು ಕೆಳಗೆ. ಪ್ರವಾಹದಲ್ಲಿ ನದಿಪಾತ್ರದ ಮರಳೇ ಎದ್ದು ಹರಿಯತೊಡಗುತ್ತದೆ. ನಮ್ಮ ಹೊಳೆಯ ಲೆಕ್ಕಕ್ಕೆ ಪ್ರವಾಹದ ಮಟ್ಟದಿಂದ 8 ಮೀಟರ್ ಆಳದವರೆಗೆ ಕೊರೆತವಿದ್ದರೆ ಕಂಬದ ಬುಡದಲ್ಲಿ ಸುಳಿಯಿಂದಾಗಿ ಅದರ ಎರಡರಷ್ಟು, 16 ಮೀಟರಿನವರೆಗೂ ಹೋಗಬಹುದೆಂದು ವಿನ್ಯಾಸದಲ್ಲಿ ಹಿಡಿಯುತ್ತಾರೆ. ಕಂಬದ ಬಾವಿ ತಳಪಾಯ (ಬಾವಿಯ ಹಾಗೆ ನೆಲದೊಳಕ್ಕೆ ಇಳಿಸಿದ ಬುಡ) ಅದಕ್ಕಿಂತ ಕೆಳಗೆ ಇಳಿದಿರಬೇಕು. ಈಗ ಸೇತುವೆಯ ಕೆಳಭಾಗದಲ್ಲಿ ಹತ್ತು ವರ್ಷ ಮರಳು ತೆಗೆದರು ಅನ್ನಿ. ಪಾತ್ರವೇ ಮೂರು ಮೀಟರ್ ತಗ್ಗಿದೆ, ಬೇಸಿಗೆಯಲ್ಲಿ ತಳಪಾಯದ ನೆತ್ತಿ ಹೊರಗೆ ಕಾಣುತ್ತಿದೆ. ಕೊರೆತದ ಲೆಕ್ಕ ಇನ್ನು ಅಲ್ಲಿಂದ ಕೆಳಕ್ಕೆ. ಸೇತುವೆ ಬೀಳುವ ದಿನ ನೀರು ದಾಖಲೆ ಮಟ್ಟ ಮುಟ್ಟಿರಬೇಕಿಲ್ಲ, ಮಧ್ಯಮ ಪ್ರವಾಹವೇ ಸಾಕು. ಒಂದು ಕಂಬ ಒಂದು ಕಡೆಗೆ ವಾಲುತ್ತದೆ, ಮೇಲಿನ ರಸ್ತೆಯಲ್ಲಿ ಅಂಕಣಗಳ ಸಂದು ಬಿಚ್ಚಿ ಪಕ್ಕದ ಕಂಬಿಸಾಲಿನ ಗೆರೆ ಸೊಟ್ಟಗಾಗುತ್ತದೆ. ದಿನಾ ಸೈಕಲ್ಲಿನಲ್ಲಿ ದಾಟುವ ಹಾಲಿನವನ ಕಣ್ಣಿಗೆ ಅದು ಮೊದಲು ಬೀಳುತ್ತದೆ. ಮರಳಿನ ಗುತ್ತಿಗೆ ಯಾರದು ಎಂಬ ಪ್ರಶ್ನೆ ವಿಧಾನಸಭೆಗೆ ಬರುವುದು ಆಮೇಲೆ.

ಕುಡಿಯುವ ನೀರಿಗೆ ಬರೋಣ. ಒಳಚರಂಡಿ ಇರುವ ನಗರದಲ್ಲಿ ತಲಾ ದಿನಕ್ಕೆ 135 ಲೀಟರ್ ಎಂಬುದು ನಮ್ಮ ದೇಶದ ಮಾನದಂಡ. ಹನ್ನೆರಡು ಲಕ್ಷ ಜನಕ್ಕೆ 16.2 ಕೋಟಿ ಲೀಟರ್. ಹಳೆಯ ಕೊಳವೆಗಳಲ್ಲಿ ನೂರಕ್ಕೆ ಮೂವತ್ತು ಸೋರಿಹೋಗುತ್ತದೆ ಎಂದಿಟ್ಟುಕೊಂಡರೆ ಹೊಳೆಯಿಂದ ಎತ್ತಬೇಕಾದದ್ದು 23 ಕೋಟಿ ಲೀಟರ್, ವರ್ಷಕ್ಕೆ ಹೆಚ್ಚು ಕಡಿಮೆ 3 ಟಿಎಂಸಿ. ಅದನ್ನು 60 ಮೀಟರ್ ಎತ್ತರದ ಗುಡ್ಡದ ಟ್ಯಾಂಕಿಗೆ ಏರಿಸಲು ದಿನಕ್ಕೆ ಸುಮಾರು 54,000 ಯೂನಿಟ್ ವಿದ್ಯುತ್ ಬೇಕು. ಹೊಳೆ ಮಗ್ಗುಲಲ್ಲೇ ಇರುವುದರಿಂದ ಇಷ್ಟರಲ್ಲಿ ಮುಗಿಯಿತು. ಹೊಳೆಯಿಲ್ಲದ ದಿಣ್ಣೆಯ ಮೇಲಿನ ನಮ್ಮ ಬೆಂಗಳೂರಿಗೆ 1974ರಿಂದ ಕಾವೇರಿ ನೀರು ಬರುತ್ತಿರುವುದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ, ಮೂರು ಹಂತದ ಪಂಪುಗಳಲ್ಲಿ. ರಾಜಧಾನಿಯ ಜಾಗ ಆರಿಸುವವರು ಮಾಡಿದ ತೀರ್ಮಾನದ ಬೆಲೆಯನ್ನು ಮೊಮ್ಮಕ್ಕಳು ಕರೆಂಟ್ ಬಿಲ್ಲಿನಲ್ಲಿ ಕಟ್ಟುತ್ತಾರೆ.

ನೀರೆತ್ತುವ ಜಾಗ ಊರಿನ ಮೇಲ್ಭಾಗದಲ್ಲಿ, ಕೊನೆಯ ಚರಂಡಿ ಸೇರುವ ಕಡೆಗಿಂತ ಮೇಲೆ ಇರಬೇಕು. ಅಲ್ಲಿ ಹೊಳೆಯೊಳಗೆ ಒಂದು ದುಂಡನೆಯ ನೀರೆತ್ತುವ ಬಾವಿ, ಅಂದರೆ ಜಾಕ್‌ವೆಲ್, ಅದಕ್ಕೆ ದಡದಿಂದ ಕಿರಿದಾದ ಕಾಲುಸೇತುವೆ. ಬಾವಿಯ ಗೋಡೆಯಲ್ಲಿ ಮೂರು ಎತ್ತರಗಳಲ್ಲಿ ಕಿಂಡಿಗಳು, ಕಿಂಡಿಗೆ ಕಬ್ಬಿಣದ ಸರಳು, ಹಿಂದೆ ಚಕ್ರ ತಿರುಗಿಸಿ ಏರಿಸಿ ಇಳಿಸುವ ಬಾಗಿಲು. ಪ್ರವಾಹದಲ್ಲಿ ಮೇಲಿನ ಕಿಂಡಿ ತೆರೆಯಬೇಕು, ತಳದಲ್ಲಿ ಮರಳು ಬರುತ್ತದೆ. ಬೇಸಿಗೆಯಲ್ಲಿ ಕೆಳಗಿನದು. ಮೊದಲ ಮಳೆಗೆ ಕೆನ್ನೀರು ಬಂದ ದಿನ ಸರಳಿನ ಮೇಲೆ ಎಲೆ, ಅಂತರಗಂಗೆ, ಪ್ಲಾಸ್ಟಿಕ್ ಚೀಲಗಳ ಚಾಪೆಯೇ ಕೂರುತ್ತದೆ. ಉದ್ದ ಹಿಡಿಯ ಹಲ್ಲುಗೋಲಿನಲ್ಲಿ ಅದನ್ನು ಎಳೆದು ತೆಗೆಯುವವರು ಆ ದಿನ ಊಟಕ್ಕೂ ಮೇಲೆ ಬರುವುದಿಲ್ಲ. ತಡ ಮಾಡಿದರೆ ಬಾವಿಯ ನೀರು ಕುಸಿದು ಪಂಪು ಗಾಳಿ ಎಳೆಯುತ್ತದೆ.

ಅದೇ ಬೆಳಗ್ಗೆ ಶುದ್ಧೀಕರಣ ಘಟಕದ ಪ್ರಯೋಗಾಲಯದಲ್ಲಿ ಆರು ಗಾಜಿನ ಜಾಡಿಗಳನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಆಲಂ (ಪಟಿಕ) ಪ್ರಮಾಣ ಏರಿಸುತ್ತ ಹಾಕುತ್ತಾರೆ. ಒಂದು ನಿಮಿಷ ಜೋರಾಗಿ, ಹದಿನೈದು-ಇಪ್ಪತ್ತು ನಿಮಿಷ ನಿಧಾನವಾಗಿ ಕಲಕಿ, ಅರ್ಧ ಗಂಟೆ ಅಲುಗಾಡಿಸದೆ ಬಿಡುತ್ತಾರೆ. ಹತ್ತಿಯ ಎಳೆಯಂಥ ಗಷ್ಟು ತಳಕ್ಕೆ ಕೂತು ಮೇಲಿನ ನೀರು ತಿಳಿಯಾದ ಜಾಡಿಗಳಲ್ಲಿ ಯಾವುದಕ್ಕೆ ಆಲಂ ಕಡಿಮೆ ಬಿದ್ದಿದೆಯೋ ಅದೇ ಆ ದಿನದ ಪ್ರಮಾಣ. ಬೇಸಿಗೆಯ ಪ್ರಮಾಣವನ್ನೇ ಹಾಕಿ ಸುಮ್ಮನಿದ್ದರೆ ಮಧ್ಯಾಹ್ನದ ಹೊತ್ತಿಗೆ ನಲ್ಲಿಯಲ್ಲಿ ಚಹಾದ ಬಣ್ಣ. ಊರಿನ ಕೊನೆಯ ನಲ್ಲಿಯಲ್ಲೂ ಲೀಟರಿಗೆ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಉಳಿಯದಿರುವುದಕ್ಕೆ ಹೆಚ್ಚಿನ ಸಲ ಕಾರಣ ಕೊಳವೆ. ದಿನ ಬಿಟ್ಟು ದಿನ ನೀರು ಬಿಡುವ ಊರಿನಲ್ಲಿ ನೀರುಗಂಟಿ ವಾಲ್ವ್ ಮುಚ್ಚಿದ ಮೇಲೆ ಕೊಳವೆ ಖಾಲಿಯಾಗುತ್ತ ಒಳಕ್ಕೆ ಎಳೆಯತೊಡಗುತ್ತದೆ, ಬಿರುಕಿನ ಪಕ್ಕದಲ್ಲಿ ಚರಂಡಿ ಇದ್ದರೆ ಅದನ್ನೂ ಎಳೆಯುತ್ತದೆ. ಒಂದೇ ಓಣಿಯಲ್ಲಿ ವಾಂತಿಭೇದಿ, ಪಕ್ಕದ ಓಣಿಯಲ್ಲಿ ಏನೂ ಇಲ್ಲ ಎಂಬ ಘಟನೆಗಳು ಹೀಗೆ ಆಗುತ್ತವೆ.

ಬಳಸಿದ ನೀರಿನಲ್ಲಿ ನೂರಕ್ಕೆ ಎಂಬತ್ತು ಕೊಳಚೆಯಾಗಿ ಮರಳುತ್ತದೆ ಎಂದು ಲೆಕ್ಕ. ನಮ್ಮ ಊರಿನದು ದಿನಕ್ಕೆ 13 ಕೋಟಿ ಲೀಟರ್, ಅಂದರೆ ಸುಮಾರು 53 ಕ್ಯೂಸೆಕ್. ಏಪ್ರಿಲ್‌ನಲ್ಲಿ ಹೊಳೆಯ ಸ್ವಂತ ಹರಿವು 95 ಕ್ಯೂಸೆಕ್‌ಗೆ ಇಳಿದಿದ್ದರೆ, ಅದನ್ನೂ ಮೇಲ್ಭಾಗದಲ್ಲೇ ಕುಡಿಯುವುದಕ್ಕೆ ಎತ್ತಿಬಿಟ್ಟಿದ್ದರೆ, ಸೇತುವೆಯ ಕೆಳಗೆ ಹರಿಯುತ್ತಿರುವುದು ಏನು? ಪೂರ್ತಿ ಕೊಳಚೆ. ಇದನ್ನು ಸಂಕಟದಿಂದಲೇ ಹೇಳಬೇಕಾಗಿದೆ. ಬೇಸಿಗೆಯಲ್ಲಿ ಅನೇಕ ನಗರಗಳ ನದಿ ನೋಡಿ 'ನೀರು ಚೆನ್ನಾಗಿ ಹರಿಯುತ್ತಿದೆ' ಅನ್ನುವವರು ನೋಡುತ್ತಿರುವುದು ಇದನ್ನೇ. ಕೆಳಭಾಗದ ಹಳ್ಳಿಗಳು ಅದೇ ನೀರಿನಲ್ಲಿ ಸೊಪ್ಪು ಬೆಳೆಯುತ್ತವೆ, ಆ ಸೊಪ್ಪು ಬೆಳಗಿನ ಬಸ್ಸಿನಲ್ಲಿ ಮತ್ತೆ ರಾಜಧಾನಿಯ ಮಾರುಕಟ್ಟೆಗೆ ಬರುತ್ತದೆ. ಹೊಳೆಯ ಇಳಿಜಾರು ಕಿ.ಮೀ.ಗೆ ಅರ್ಧ ಮೀಟರ್ ಇದ್ದರೆ ಊರಿನುದ್ದಕ್ಕೆ 7 ಮೀಟರ್ ಇಳಿತ. ಕೊಳಚೆ ತಾನಾಗಿ ಹರಿದು ಕೆಳತುದಿಯ ಕೊಳಚೆ ಶುದ್ಧೀಕರಣ ಘಟಕಕ್ಕೆ, ಅಂದರೆ ಎಸ್‌ಟಿಪಿಗೆ ಹೋಗಬೇಕೆಂದು ದೊಡ್ಡ ಕೊಳವೆಯನ್ನು ಹೊಳೆಯ ದಂಡೆಗುಂಟ ಹಾಕುತ್ತಾರೆ. ಹಾಗಾಗಿಯೇ ಪ್ರತಿ ಪ್ರವಾಹದಲ್ಲಿ ಮೊದಲು ಮುಳುಗುವುದೂ ಅದರ ಮ್ಯಾನ್‌ಹೋಲುಗಳೇ.

ಪ್ರವಾಹದ ದಿನವನ್ನು ಗಂಟೆಗಂಟೆಯಾಗಿ ಬರೆದಿಟ್ಟುಕೊಳ್ಳಿ. ಅಣೆಕಟ್ಟು 80 ಕಿ.ಮೀ. ಮೇಲಿದೆ. ನೀರಿನ ಏರಿಕೆ ಗಂಟೆಗೆ 8 ಕಿ.ಮೀ.ನಂತೆ ಸಾಗಿದರೆ ರಾತ್ರಿ ಒಂಬತ್ತಕ್ಕೆ ಕ್ರಸ್ಟ್ ಗೇಟ್ ತೆರೆದದ್ದು ಊರಿನ ಸೇತುವೆಯಲ್ಲಿ ಬೆಳಗ್ಗೆ ಏಳಕ್ಕೆ ಕಾಣುತ್ತದೆ. ಗೇಟ್ ಎತ್ತಿದ ಹತ್ತು ನಿಮಿಷಕ್ಕೆ ಊರು ಕೊಚ್ಚಿಹೋಗುವುದಿಲ್ಲ. ಈ ಹತ್ತು ಗಂಟೆಗಳಲ್ಲಿ ಸಂದೇಶ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಮುಟ್ಟಬೇಕು, ತಗ್ಗಿನ ಕೇರಿಗಳಲ್ಲಿ ಮೈಕು ಕಟ್ಟಿದ ಆಟೋ ಓಡಾಡಬೇಕು, ಶಾಲೆಯ ಬೀಗದ ಕೈ ಸಿಕ್ಕಿ ಕಾಳಜಿ ಕೇಂದ್ರ ತೆರೆಯಬೇಕು. ಕಥೆಯ ದುರಂತ ಇರುವುದು ಈ ಹತ್ತು ಗಂಟೆಗಳಲ್ಲಿ ಯಾವ ಮಾತು ಯಾರಿಗೆ ಮುಟ್ಟಲಿಲ್ಲ ಎಂಬುದರಲ್ಲಿ.

ಸೇತುವೆಯ ಕಂಬದ ಮೇಲೆ ಕಪ್ಪು-ಬಿಳಿ ಅಳತೆ ಪಟ್ಟಿ ಬರೆದಿರುತ್ತದೆ. ಎಚ್ಚರಿಕೆ ಮಟ್ಟ, ಅದಕ್ಕಿಂತ ಸಾಮಾನ್ಯವಾಗಿ ಒಂದು ಮೀಟರ್ ಮೇಲೆ ಅಪಾಯ ಮಟ್ಟ. ಆದರೆ ಜನ ನೋಡುವ ಅಳತೆ ಬೇರೆ. ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪ ಎಷ್ಟು ಮುಳುಗಿತು, ಹಂಪಿಯಲ್ಲಿ ಪುರಂದರ ಮಂಟಪಕ್ಕೆ ನೀರು ಬಂತೇ ಎಂದು ಕೇಳುತ್ತಾರೆ. ನಿಮ್ಮ ಊರಿನ ಹೊಳೆಗೂ ಅಂಥ ಒಂದು ಮಂಟಪ ಕಟ್ಟಿಸಿ. ಬೇಸಿಗೆಯ ನೀರಿಗೂ ಪ್ರವಾಹದ ನೀರಿಗೂ 8 ಮೀಟರ್ ಅಂತರವಿದ್ದರೆ, ಒಂದು ಮೆಟ್ಟಿಲಿಗೆ 16 ಸೆಂ.ಮೀ.ನಂತೆ, ದೇವಸ್ಥಾನದ ಮೆಟ್ಟಿಲು ಐವತ್ತು. ಕೆಳಗಿನ ಹತ್ತು ಪಾಚಿ ಕಟ್ಟಿದವು, ಬಟ್ಟೆ ಒಗೆದು ಸವೆದವು. ಮೂವತ್ತನೆಯದನ್ನು ನೀರು ಮುಟ್ಟಿತೆಂದರೆ ಹೂವಿನ ಅಂಗಡಿಯವರು ಹಲಗೆ ಎತ್ತುತ್ತಾರೆ. ಈ ಮೂವತ್ತನೇ ಮೆಟ್ಟಿಲು ಅಪಾಯ ಮಟ್ಟದ ಅಂಕಿಗಿಂತ ಓದುಗರ ನೆನಪಿನಲ್ಲಿ ಉಳಿಯುತ್ತದೆ.

ಹೊಳೆ ದಂಡೆ ಮೀರದೆಯೂ ಊರು ಮುಳುಗುತ್ತದೆ. ಬಹಳ ಮಂದಿ ಬಿಡುವ ವಿಷಯ ಇದು. ರಾಜಕಾಲುವೆ ಹೊಳೆಗೆ ಸೇರುವ ಬಾಯಿಗಿಂತ ಹೊಳೆಯ ಮಟ್ಟ ಮೇಲೇರಿದರೆ ಊರಿನ ಮಳೆನೀರು ಹೊರಹೋಗುವುದಿಲ್ಲ. ಬಾಯಿಗೆ ಬಾಗಿಲಿದ್ದರೆ ಅದು ಮುಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ಹೊಳೆಯೇ ಕಾಲುವೆಯಲ್ಲಿ ಹಿಂದಕ್ಕೆ ಬರುತ್ತದೆ. 8 ಚದರ ಕಿ.ಮೀ. ತಗ್ಗು ಪ್ರದೇಶದಲ್ಲಿ 50 ಮಿ.ಮೀ. ಮಳೆ ನಿಂತರೆ 40 ಕೋಟಿ ಲೀಟರ್. ಸೆಕೆಂಡಿಗೆ ಸಾವಿರ ಲೀಟರಿನ ಪಂಪು ಒಂದೇ ಇದ್ದರೆ ಅದನ್ನು ಖಾಲಿ ಮಾಡಲು ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು, ಅದೂ ಪಂಪಿನ ಮನೆಗೇ ನೀರು ನುಗ್ಗದಿದ್ದರೆ. 2019ರ ಸೆಪ್ಟೆಂಬರ್ ಕೊನೆಯಲ್ಲಿ ಪಟನಾದ ರಾಜೇಂದ್ರನಗರದಂಥ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿ ನಿಂತದ್ದು ಮಳೆಯಿಂದ, ನೀರು ಹೊರಹಾಕಲಾಗದ್ದರಿಂದ.

ದೊಡ್ಡ ದುರಂತಕ್ಕೆ ಮಾದರಿ ಬೇಕಾದವರು 1908ರ ಮೂಸಿ ಪ್ರವಾಹವನ್ನು ಓದಬೇಕು. ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಮೂಸಿಯ ಜಲಾನಯನದಲ್ಲಿ ನೂರಾರು ಕೆರೆಗಳಿದ್ದವು, ಆ ಮಳೆಗೆ ಇನ್ನೂರಕ್ಕೂ ಹೆಚ್ಚು ಒಡೆದವು. ಮೇಲಿನ ಕೆರೆ ಒಡೆದು ಕೆಳಗಿನದನ್ನು ಒಡೆಯುತ್ತ ಬರುವ ಈ ಸರಪಳಿ ಕೆರೆಗಳ ನಾಡಿನವರಾದ ನಮಗೆ ಬೇಗ ಅರ್ಥವಾಗುತ್ತದೆ. ಅಫ್ಜಲ್‌ಗಂಜ್ ಆಸ್ಪತ್ರೆಯ ಆವರಣದ ಒಂದು ಹುಣಸೆ ಮರ ಹತ್ತಿ ಸುಮಾರು 150 ಜನ ಬದುಕಿಕೊಂಡರು. ಮರುವರ್ಷ ಪರಿಹಾರ ಹೇಳಲು ಕರೆಸಿದ್ದು ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. ಊರಿನಲ್ಲಿ ಗೋಡೆ ಎತ್ತರಿಸಿದರೆ ಸಾಲದು, ಪ್ರವಾಹವನ್ನು ಊರಿನ ಮೇಲ್ಭಾಗದಲ್ಲೇ ಹಿಡಿದಿಡಬೇಕೆಂದು ಅವರು ಹೇಳಿದರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಪ್ರವಾಹ ತಡೆಯುವ ಜಲಾಶಯವೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟಿತು. ಇದರೊಳಗೇ ಒಂದು ಜಗಳ ಇದೆ, ಕಾದಂಬರಿಗೆ ಬೇಕಾದದ್ದು: ಪ್ರವಾಹಕ್ಕಾಗಿ ಜಲಾಶಯ ಖಾಲಿ ಇರಬೇಕು, ಕುಡಿಯುವುದಕ್ಕಾಗಿ ತುಂಬಿರಬೇಕು. ಆಗಸ್ಟ್ ಕೊನೆಯಲ್ಲಿ ಗೇಟಿನ ಮುಂದೆ ನಿಂತ ಎಂಜಿನಿಯರಿಗೆ ಎರಡೂ ಕಡೆಯಿಂದ ಫೋನು ಬರುತ್ತದೆ.

ಇಷ್ಟಾದ ಮೇಲೆ ಇದು ರಾಜಧಾನಿ ಯಾಕಾಯಿತು ಎಂಬುದು. ಸಂಸ್ಥಾನದ ಊರಾಗಿತ್ತು ಎಂಬುದು ಸುಲಭದ ಉತ್ತರ. ಇನ್ನೊಂದು, ಪೈಪೋಟಿಯ ಒಪ್ಪಂದ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ತುಂಗಭದ್ರೆಯ ದಂಡೆಯ ಕರ್ನೂಲು ರಾಜಧಾನಿಯಾಯಿತು, ಹೈಕೋರ್ಟು ಗುಂಟೂರಿಗೆ ಹೋಯಿತು. ಕಟ್ಟಡ ಸಾಲದೆ ಕಚೇರಿಗಳು ಡೇರೆಗಳಲ್ಲಿ ನಡೆದವು. ಮೂರು ವರ್ಷಕ್ಕೆ ಹೈದರಾಬಾದು ರಾಜಧಾನಿಯಾಗಿ ಕರ್ನೂಲು ಮತ್ತೆ ಜಿಲ್ಲಾ ಕೇಂದ್ರವಾಯಿತು. ಒಮ್ಮೆ ರಾಜಧಾನಿಯಾಗಿದ್ದ ಊರನ್ನು ಬರೆಯುವುದೂ ಒಂದು ಒಳ್ಳೆಯ ಆಯ್ಕೆ. ಕಟಕದ ಕಥೆ ಬೇರೆ: ಮಹಾನದಿ, ಕಾಠಜೋಡಿಗಳ ನಡುವೆ ಸಿಕ್ಕಿಕೊಂಡು ಬೆಳೆಯಲು ಜಾಗವಿಲ್ಲದೆ ಒಡಿಶಾದ ರಾಜಧಾನಿ ಭುವನೇಶ್ವರಕ್ಕೆ ಹೋಯಿತು. 1948ರಲ್ಲಿ ಅಡಿಗಲ್ಲು ಬಿದ್ದ ಆ ಹೊಸ ನಗರದ ಯೋಜನೆ ಮಾಡಿದ ಒಟ್ಟೊ ಕೋನಿಗ್ಸ್‌ಬರ್ಗರ್ ಅದಕ್ಕೆ ಮುನ್ನ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು. ಹೈಕೋರ್ಟು ಇಂದಿಗೂ ಕಟಕದಲ್ಲೇ ಇದೆ.

ಶಾಸನಸಭೆಯ ಅಂಕಿಗಳು ಸಂವಿಧಾನಕ್ಕೆ ಹೊಂದಲಿ. ವಿಧಾನಸಭೆ 60ರಿಂದ 500 ಸ್ಥಾನಗಳ ನಡುವೆ. ನೀವು 140 ಇಟ್ಟುಕೊಂಡರೆ ಮುಖ್ಯಮಂತ್ರಿಯೂ ಸೇರಿ ಮಂತ್ರಿಗಳು 21ರ ಒಳಗೆ, ವಿಧಾನ ಪರಿಷತ್ತು ಇದ್ದರೆ 46 ಮೀರುವಂತಿಲ್ಲ. ಸರಕಾರ ಉಳಿಸಲು ಮೂವತ್ತು ಮಂದಿಯನ್ನು ಮಂತ್ರಿ ಮಾಡುವ ಕಥೆ 2003ರ 91ನೇ ತಿದ್ದುಪಡಿಯ ನಂತರ ನಡೆಯದು.

ಕೇರಿಗಳನ್ನು ನೀರಿನ ಜಾಡಿನಲ್ಲೇ ಇಡಿ. ಅಂಬಿಗರು, ಬೆಸ್ತರು ಕಡವಿನ ಹತ್ತಿರ, ಮಡಿವಾಳರ ಕೇರಿ ಮೆಟ್ಟಿಲಿನ ಕೆಳಗೆ, ಬಣ್ಣದವರು ಅದಕ್ಕೂ ಕೆಳಗೆ, ತೊಗಲು ಹದಮಾಡುವವರು ಎಲ್ಲಕ್ಕಿಂತ ಕೆಳಗೆ. ಮೇಲಿನವರು ಬಳಸಿ ಬಿಟ್ಟ ನೀರು ಕೆಳಗಿನವರ ಪಾಲಿಗೆ ಬಂದದ್ದು ಆಕಸ್ಮಿಕವಾಗಿ ಆದದ್ದಲ್ಲ, ಜಾತಿಯ ಏಣಿಯನ್ನೇ ಹೊಳೆಯುದ್ದಕ್ಕೆ ಮಲಗಿಸಿದ್ದಾರೆ. ನಕ್ಷೆ ಬರೆಯುವಾಗ ಇದನ್ನು ಮುಚ್ಚಿಟ್ಟರೆ ಊರು ಸುಳ್ಳಾಗುತ್ತದೆ. ಇಂದು ಅದೇ ತಗ್ಗಿನಲ್ಲಿ ಕೊಳೆಗೇರಿ, ಅದೇ ಮೊದಲು ಮುಳುಗುವುದು, ಅಲ್ಲಿಂದಲೇ ಎಬ್ಬಿಸಿ ನದಿದಂಡೆಗೆ ಉದ್ಯಾನ ಮಾಡುವುದು.

ಹೆಸರು ಕೊನೆಗೆ. ಎರಡು ಹೊಳೆ ಸೇರುವ ಕಡೆಯಾದರೆ ಕೂಡಲ, ಕೂಡ್ಲಿ. ಆಳದ ನೀರಿದ್ದರೆ ಮಡು. ಅಡ್ಡಕಟ್ಟೆ ಇದ್ದರೆ ಕಟ್ಟೆ, ಅಣೆ. ನಡುವೆ ನೆಲವಿದ್ದರೆ ಗಡ್ಡೆ, ಕರಾವಳಿಯಾದರೆ ಕುದುರು. ಆಮೇಲೆ ಬಂದ ರಾಜ ಅದಕ್ಕೆ ತನ್ನ ಹೆಸರು ಸೇರಿಸಿ ಪುರ, ಪಟ್ಟಣ ಅಂಟಿಸಿರುತ್ತಾನೆ, ಕಂಪನಿಯವರು ಅದನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಂಡಿರುತ್ತಾರೆ, ಸ್ವಾತಂತ್ರ್ಯ ಬಂದ ಮೇಲೆ ಹಳೆಯದನ್ನು ಮರಳಿ ತಂದಿರುತ್ತಾರೆ. ಈ ಪದರಗಳೆಲ್ಲ ಬೇರೆ ಬೇರೆ ಬಾಯಲ್ಲಿ ಉಳಿದಿರಲಿ: ಗೆಜೆಟ್ಟಿನಲ್ಲಿ ಒಂದು, ರೈಲು ನಿಲ್ದಾಣದ ಹಳದಿ ಹಲಗೆಯ ಮೇಲೆ ಇನ್ನೊಂದು, ಬಸ್ಸಿನ ಬೋರ್ಡಿನಲ್ಲಿ ಮೊಟಕಾದದ್ದು. ಆಚೆ ದಂಡೆಯ ಹಳ್ಳಿಯವರಿಗೆ ಇವು ಯಾವುವೂ ಬೇಡ. ಬೆಳಗ್ಗೆ ತರಕಾರಿ ಬುಟ್ಟಿ ಹೊತ್ತು ಸೇತುವೆ ಹತ್ತುವಾಗ ಎಲ್ಲಿಗೆ ಎಂದು ಕೇಳಿದರೆ ಅವರು 'ಹೊಳೆಯಾಚೆಗೆ' ಎನ್ನುತ್ತಾರೆ.